ನಟ್ ಉರುಳಿ ಹೋದ ಮೇಲೆ ಉಳಿದ 10 ಲ್ಯಾಪ್: ಫಾಂಜಿಯೋ, 1957

(ದೃಶ್ಯ: ಪಿಟ್‌ನಲ್ಲಿ ನಿಂತ ಮಸೆರಾಟಿ ಕಾರು, ಹಳೇ ಫೋಟೋ)

ಒಂದು ಚಕ್ರದ ನಟ್. ಮೆಕ್ಯಾನಿಕ್ ಕೈಯಿಂದ ಜಾರಿ ಕಾರಿನ ಕೆಳಗೆ ಉರುಳಿ ಹೋಯಿತು. ಅದನ್ನು ಹುಡುಕುವಷ್ಟರಲ್ಲಿ ಎರಡು ಫೆರಾರಿ ಕಾರುಗಳು ಮುಂದೆ ಹೋಗಿಬಿಟ್ಟವು.

ನಮಸ್ಕಾರ ಸ್ನೇಹಿತರೇ. ಇವತ್ತು 1957ರ ಆಗಸ್ಟ್ 4ರಂದು ನಡೆದ ಜರ್ಮನ್ ಗ್ರ್ಯಾಂಡ್ ಪ್ರಿ, ಅಂದರೆ ಫಾರ್ಮುಲಾ ಒನ್ ಕಾರ್ ರೇಸ್ ಬಗ್ಗೆ ಮಾತಾಡೋಣ. ಈ ರೇಸ್ ಬಗ್ಗೆ ಹೇಳುವವರೆಲ್ಲ ಮಸೆರಾಟಿ ಡ್ರೈವರ್ ಫಾಂಜಿಯೋ ಅವರ ಧೈರ್ಯವನ್ನೇ ಹೊಗಳುತ್ತಾರೆ. ಧೈರ್ಯ ಇತ್ತು, ಇಲ್ಲ ಅನ್ನಲ್ಲ. ಆದರೆ ನನ್ನ ಪ್ರಕಾರ ಇದು ಮೊದಲು ಲೆಕ್ಕಾಚಾರದ ರೇಸ್. ಆ ಲೆಕ್ಕ ತಪ್ಪಿದ ಮೇಲೆ ಏನು ಮಾಡಿದರು ಅನ್ನೋದೇ ಕಥೆ.

(ದೃಶ್ಯ: ಟ್ರ್ಯಾಕ್ ನಕ್ಷೆ)

ಜಾಗ, ನ್ಯೂರ್ಬರ್ಗ್‌ರಿಂಗ್. ಐಫೆಲ್ ಬೆಟ್ಟಗಳ ನಡುವೆ, ಕಾಡಿನೊಳಗೆ ಹಾವಿನ ಥರ ಸುತ್ತುವ ರಸ್ತೆ. ಒಂದು ಲ್ಯಾಪ್ ಅಂದರೆ ಸುಮಾರು 22.8 ಕಿಲೋಮೀಟರ್. ಅಂಥ 22 ಲ್ಯಾಪ್, ಒಟ್ಟು 500 ಕಿಲೋಮೀಟರ್ ಮೇಲೆ. ಈ ಉದ್ದ ನೆನಪಿಟ್ಟುಕೊಳ್ಳಿ, ಮುಂದೆ ಇದೇ ಆಟ ಬದಲಿಸುತ್ತದೆ.

ಹ್ವಾನ್ ಮ್ಯಾನುವೆಲ್ ಫಾಂಜಿಯೋ ಅರ್ಜೆಂಟೀನಾದ ಬಾಲ್ಕಾರ್ಸೆ ಊರಿನವರು. ಚಿಕ್ಕ ವಯಸ್ಸಿನಲ್ಲೇ ಗ್ಯಾರೇಜ್ ಕೆಲಸ ಕಲಿತವರು. ಈ ರೇಸ್ ಹೊತ್ತಿಗೆ 46 ವರ್ಷ, ಕಾರು ಮಸೆರಾಟಿ 250ಎಫ್. ಎದುರಿಗೆ ಫೆರಾರಿಯಲ್ಲಿ ಇಂಗ್ಲೆಂಡಿನ ಇಬ್ಬರು ಗೆಳೆಯರು, 28 ವರ್ಷದ ಮೈಕ್ ಹಾಥಾರ್ನ್ ಮತ್ತು 25ರ ಪೀಟರ್ ಕಾಲಿನ್ಸ್.

ಫೆರಾರಿಯವರು ಟ್ಯಾಂಕ್ ತುಂಬಿಸಿ, ಗಟ್ಟಿ ಟೈರ್ ಹಾಕಿಕೊಂಡು, ಎಲ್ಲೂ ನಿಲ್ಲದೆ ರೇಸ್ ಮುಗಿಸೋ ಯೋಚನೆಯಲ್ಲಿದ್ದರು. ಫಾಂಜಿಯೋ ಉಲ್ಟಾ ಯೋಚಿಸಿದರು. ಅರ್ಧ ಟ್ಯಾಂಕ್ ಪೆಟ್ರೋಲ್, ಮೆತ್ತನೆಯ ಟೈರ್. ಕಾರು ಹಗುರ, ತಿರುವಿನಲ್ಲಿ ಹಿಡಿತ ಜಾಸ್ತಿ. ಬೇಗ ಓಡಿ ಅರ್ಧ ನಿಮಿಷದಷ್ಟು ಮುಂದೆ ಹೋಗೋದು, ನಡುವೆ ಒಮ್ಮೆ ಪಿಟ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕದ ರಿಪೇರಿ ಜಾಗದಲ್ಲಿ, ನಿಂತು ಪೆಟ್ರೋಲ್ ತುಂಬಿಸಿ ಹಿಂದಿನ ಟೈರ್ ಬದಲಿಸಿಕೊಂಡು ಮತ್ತೆ ಹೊರಡೋದು.

ಮೂರನೇ ಲ್ಯಾಪ್‌ನಲ್ಲಿ ಮುಂದೆ ಬಂದರು. 12 ಲ್ಯಾಪ್ ಮುಗಿದಾಗ ಹತ್ತಿರ ಹತ್ತಿರ ಅರ್ಧ ನಿಮಿಷದ ಅಂತರವೂ ಸಿಕ್ಕಿತು. ಲೆಕ್ಕ ಸರಿಯಾಗೇ ಇತ್ತು, ಪಿಟ್‌ಗೆ ಬರುವವರೆಗೆ.

ಅಲ್ಲೇ ಆ ನಟ್ ಉರುಳಿದ್ದು. ಅರ್ಧ ನಿಮಿಷದ ಕೆಲಸ ಒಂದು ನಿಮಿಷ ದಾಟಿತು. ಹೊರಗೆ ಬಂದಾಗ ಮುಕ್ಕಾಲು ನಿಮಿಷಕ್ಕಿಂತ ಜಾಸ್ತಿ ಹಿಂದೆ. ಉಳಿದಿದ್ದು 10 ಲ್ಯಾಪ್. ಅಂದರೆ ಪ್ರತಿ ಲ್ಯಾಪ್‌ಗೆ ಕನಿಷ್ಠ 5 ಸೆಕೆಂಡ್ ಗಳಿಸಬೇಕು, ಅದೂ ಫೆರಾರಿಯಂಥ ಕಾರುಗಳ ಮೇಲೆ!

(ದೃಶ್ಯ: ಪಿಟ್ ಗೋಡೆ ಮೇಲೆ ಬೋರ್ಡ್ ಹಿಡಿದ ಜನ)

ಈಗ ಆ 22.8 ಕಿಲೋಮೀಟರ್ ನೆನಪಿಸಿಕೊಳ್ಳಿ. ಆಗ ಕಾರಿನಲ್ಲಿ ರೇಡಿಯೋ ಇಲ್ಲ. ಡ್ರೈವರ್‌ಗೆ ಸುದ್ದಿ ಸಿಗೋದು ಪಿಟ್ ಮುಂದೆ ಹಾದು ಹೋಗುವಾಗ ಬೋರ್ಡ್ ನೋಡಿದರೆ ಮಾತ್ರ, ಅಂದರೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತಿಗೆ ಒಂದು ಸಲ. ಹೊಸ ಟೈರ್ ಹಾಕಿಕೊಂಡು ಹೊರಟ ಫಾಂಜಿಯೋ ಮೊದಮೊದಲು ಅಷ್ಟೇನೂ ವೇಗವಾಗಿ ಹೋಗಲಿಲ್ಲ. ಫೆರಾರಿ ಪಿಟ್‌ನವರಿಗೆ ನಿರಾಳ. ಹಾಥಾರ್ನ್ ಮತ್ತು ಕಾಲಿನ್ಸ್ ತಮ್ಮತಮ್ಮಲ್ಲೇ ಪೈಪೋಟಿ ಮಾಡಿಕೊಂಡು ಓಡುತ್ತಿದ್ದರು. ಹಿಂದಿನವರು ಹತ್ತಿರ ಬರುತ್ತಿದ್ದಾರೆ ಅಂತ ಬೋರ್ಡ್ ತೋರಿಸಿದರೂ, ಮುಂದಿನ ಬೋರ್ಡ್ ಕಾಣುವಷ್ಟರಲ್ಲಿ ಆ ಲೆಕ್ಕ ಹಳಸಿ ಹೋಗಿರುತ್ತಿತ್ತು.

ಹಾಗಾದರೆ ಫಾಂಜಿಯೋ ಮಾಡಿದ್ದೇನು? ಕೇಳೋಕೆ ಸಣ್ಣ ವಿಷಯ. ಮಾಮೂಲಿಯಾಗಿ ಒಂದು ಗೇರ್‌ನಲ್ಲಿ ತೆಗೆದುಕೊಳ್ಳುತ್ತಿದ್ದ ವೇಗದ ತಿರುವುಗಳನ್ನು ಅದಕ್ಕಿಂತ ಒಂದು ಗೇರ್ ಮೇಲೆ ಹಾಕಿ ತೆಗೆದುಕೊಂಡರು. ಗೇರ್ ಮೇಲಿದ್ದರೆ ಇಂಜಿನ್ ಕಾರನ್ನು ಹಿಡಿದು ನಿಧಾನ ಮಾಡಲ್ಲ, ತಿರುವಿನಿಂದ ಹೊರಬರುವಾಗ ವೇಗ ಉಳಿದಿರುತ್ತದೆ. ಆದರೆ ಕಾರು ಜಾರಿದರೆ ಅಲ್ಲಿ ಇರೋದು ಮರ, ಪೊದೆ, ಇಳಿಜಾರು ಅಷ್ಟೇ. ಸೀಟ್ ಬೆಲ್ಟೂ ಇಲ್ಲ.

ಲ್ಯಾಪ್ ದಾಖಲೆ ಮತ್ತೆ ಮತ್ತೆ ಮುರಿಯಿತು. 20ನೇ ಲ್ಯಾಪ್‌ನಲ್ಲಿ 9 ನಿಮಿಷ 17.4 ಸೆಕೆಂಡ್. ಅರ್ಹತಾ ಸುತ್ತಿನಲ್ಲಿ ಅವರೇ ಮಾಡಿದ್ದ ಸಮಯಕ್ಕಿಂತ 8.2 ಸೆಕೆಂಡ್ ಕಡಿಮೆ. ಹಿಂದಿನ ವರ್ಷ ಇದೇ ಟ್ರ್ಯಾಕ್‌ನಲ್ಲಿ ಅವರೇ ಬರೆದಿದ್ದ ದಾಖಲೆಗಿಂತ 24 ಸೆಕೆಂಡ್ ಕಡಿಮೆ! ನಾನು ಈ ಅಂಕಿ ಮೊದಲ ಸಲ ನೋಡಿದಾಗ ಅಚ್ಚು ತಪ್ಪಾಗಿರಬೇಕು ಅಂದುಕೊಂಡಿದ್ದೆ.

21ನೇ ಲ್ಯಾಪ್‌ನಲ್ಲಿ ಮೊದಲು ಕಾಲಿನ್ಸ್, ಆಮೇಲೆ ಹಾಥಾರ್ನ್, ಇಬ್ಬರನ್ನೂ ದಾಟಿದರು. ಇಲ್ಲೊಂದು ಮಾತು ಹೇಳಲೇಬೇಕು. ಹಿಂದಿನ ವರ್ಷ ಇಟಲಿಯ ಮೊನ್ಜಾ ಟ್ರ್ಯಾಕ್‌ನಲ್ಲಿ, ಫಾಂಜಿಯೋ ಕಾರು ಕೆಟ್ಟು ನಿಂತಾಗ, ತನಗೇ ವಿಶ್ವ ಚಾಂಪಿಯನ್ ಆಗುವ ಅವಕಾಶ ಇದ್ದರೂ ತನ್ನ ಕಾರನ್ನು ಅವರಿಗೆ ಬಿಟ್ಟುಕೊಟ್ಟು ಇಳಿದವರು ಇದೇ ಕಾಲಿನ್ಸ್. ಇವತ್ತು ಯಾರು ಹಾಗೆ ಮಾಡುತ್ತಾರೆ ಹೇಳಿ?

ಕೊನೆಗೆ ಫಾಂಜಿಯೋ ಸೀಟಿನ ಹಿಡಿಯೂ ಮುರಿದು ಸೀಟು ಅಲ್ಲಾಡತೊಡಗಿತ್ತು. ಮೊಣಕಾಲನ್ನು ಪಕ್ಕಕ್ಕೆ ಒತ್ತಿ ಹಿಡಿದುಕೊಂಡೇ ಓಡಿಸಿದರು. ಮೂರೂವರೆ ಗಂಟೆಯ ರೇಸ್, ಗೆದ್ದ ಅಂತರ 3.6 ಸೆಕೆಂಡ್. ಅಲ್ಲಿಗೆ ಐದನೇ ವಿಶ್ವ ಪಟ್ಟ ಖಚಿತವಾಯಿತು. ಸೋತ ಇಬ್ಬರೂ ನಗುತ್ತಲೇ ಅವರನ್ನು ಅಭಿನಂದಿಸಿದರು. ಮುಂದಿನ ವರ್ಷ ಕಾಲಿನ್ಸ್ ಇದೇ ಟ್ರ್ಯಾಕ್‌ನಲ್ಲಿ, ಇದೇ ಗ್ರ್ಯಾಂಡ್ ಪ್ರಿಯಲ್ಲಿ ಅಪಘಾತವಾಗಿ ತೀರಿಕೊಂಡರು.

ಅದು ಫಾಂಜಿಯೋ ಅವರ 24ನೇ ಗೆಲುವು, ಚಾಂಪಿಯನ್‌ಷಿಪ್ ರೇಸ್‌ಗಳಲ್ಲಿ ಕೊನೆಯದೂ ಅದೇ. ಹಿಂದೆಂದೂ ಅಷ್ಟು ವೇಗವಾಗಿ ಓಡಿಸಿರಲಿಲ್ಲ, ಇನ್ನೊಮ್ಮೆ ಆಗುತ್ತೆ ಅಂತಲೂ ಅನಿಸಲ್ಲ ಅಂತ ಆಮೇಲೆ ಅವರೇ ಹೇಳಿದರು. 1958ರ ಜುಲೈನಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಕೊನೆಯ ಗ್ರ್ಯಾಂಡ್ ಪ್ರಿ ಓಡಿಸಿ ರೇಸ್ ಬಿಟ್ಟರು.