ಇಡಾಳ ಕೈಗಳನ್ನು ನೋಡಿ

ನಮಸ್ಕಾರ. ಇವತ್ತಿನ ವ್ಲಾಗ್‌ನಲ್ಲಿ ಸುತ್ತಾಟವಿಲ್ಲ. ನೂರು ವರ್ಷ ದಾಟಿದ ಒಂದು ಮೂಕಿ ಚಿತ್ರ ನನ್ನನ್ನು ಬಿಡದೆ ಕಾಡುತ್ತಿದೆ, ಅದರ ಬಗ್ಗೆಯೇ ಮಾತು. ಡೆನ್ಮಾರ್ಕಿನ ಕಾರ್ಲ್ ಥಿಯೋಡರ್ ಡ್ರೈಯರ್ 1925ರಲ್ಲಿ ನಿರ್ದೇಶಿಸಿದ 'ಮಾಸ್ಟರ್ ಆಫ್ ದ ಹೌಸ್'.

ವಿಕ್ಟರ್ ವ್ಯಾಪಾರದಲ್ಲಿ ಸೋತವನು. ಆ ಸಿಟ್ಟನ್ನೆಲ್ಲ ಹೆಂಡತಿ ಇಡಾ ಮತ್ತು ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಾನೆ. ಇಲ್ಲಿ ಬೇರೆ ಹೆಣ್ಣಿನ ಕಥೆಯಿಲ್ಲ, ದೊಡ್ಡ ರಹಸ್ಯವೂ ಇಲ್ಲ. ಬೆಳಗಿನಿಂದ ಕೊಂಕು, ಗೊಣಗಾಟ, ಮುಖ ಸಿಂಡರಿಸುವುದು. ಒಂದು ಜೀವ ಸವೆಯಲು ಅಷ್ಟು ಸಾಕು.

ಈ ದೃಶ್ಯ ಗಮನಿಸಿ. ಗಂಡನ ಬ್ರೆಡ್ಡಿಗೆ ಬೆಣ್ಣೆ ಸಾಲದು. ಇಡಾ ತನ್ನ ಬ್ರೆಡ್ಡಿನ ಮೇಲಿದ್ದ ಬೆಣ್ಣೆಯನ್ನೇ ಚಾಕುವಿನಿಂದ ಕೆರೆದು ಅವನದಕ್ಕೆ ಸವರುತ್ತಾಳೆ. ಕಣ್ಣೀರಿಲ್ಲ, ನಿಟ್ಟುಸಿರಿಲ್ಲ. ಆ ಕೈಗೆ ಇದು ರೂಢಿಯಾಗಿಬಿಟ್ಟಿದೆ ಎಂಬುದೇ ನನಗೆ ಸಂಕಟ ತಂದಿತು. ನಟಿ ಆಸ್ಟ್ರಿಡ್ ಹೋಲ್ಮ್ ಇಲ್ಲಿ ಏನನ್ನೂ ಅಭಿನಯಿಸಿದಂತೆ ಕಾಣುವುದಿಲ್ಲ.

ಇಂಥ ಚಿತ್ರಕ್ಕೆ ಮನೆ ನಿಜವಾಗಿರಲೇಬೇಕು. ಡ್ರೈಯರ್‌ಗೆ ನಿಜವಾದ ಮನೆಯಲ್ಲೇ ಚಿತ್ರೀಕರಿಸುವ ಆಸೆಯಿತ್ತು, ಜಾಗ ಸಾಲಲಿಲ್ಲ. ಸ್ಟುಡಿಯೋದಲ್ಲೇ ನಾಲ್ಕೂ ಗೋಡೆಗಳ ಮನೆ ಕಟ್ಟಿಸಿದರು. ನಲ್ಲಿಯಲ್ಲಿ ನೀರು, ಒಲೆಗೆ ಗ್ಯಾಸ್, ಎಲ್ಲವೂ ಇತ್ತು.

ಇನ್ನು ಮ್ಯಾಡ್ಸ್ ಅಜ್ಜಿ. ವಿಕ್ಟರನನ್ನು ಎತ್ತಿ ಆಡಿಸಿ ಬೆಳೆಸಿದ ದಾದಿ ಈಕೆ. ಬಸವಳಿದ ಇಡಾಳನ್ನು ಮನೆಯಿಂದ ದೂರ ಕಳುಹಿಸಿ, ಅವನ ಕೈಯಲ್ಲಿ ಮನೆಗೆಲಸ ಮಾಡಿಸುತ್ತಾಳೆ. ಚಿಕ್ಕ ಹುಡುಗನನ್ನು ನಿಲ್ಲಿಸಿದ ಹಾಗೆ ಮೂಲೆಯಲ್ಲೂ ನಿಲ್ಲಿಸುತ್ತಾಳೆ. ಬುದ್ಧಿಮಾತು ಹೇಳಿದ್ದರೆ ಅವನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದ. ಕೆಲಸ ಮೈಮೇಲೆ ಬಿದ್ದಾಗಲೇ ಅವನಿಗೆ ಇಡಾಳ ದಿನ ಎಂಥದ್ದು ಎಂದು ತಿಳಿಯುವುದು. ಮ್ಯಾಡ್ಸ್ ಪಾತ್ರದ ಮಥಿಲ್ಡೆ ನೀಲ್ಸನ್ ಬಂದಲ್ಲೆಲ್ಲ ಚಿತ್ರಕ್ಕೆ ಕಳೆ ಬರುತ್ತದೆ.

ಒಂದು ತಕರಾರು ನನಗಿದೆ. ಗಂಡನ ಪಾಠ ನಡೆಯುವಾಗ ಇಡಾ ಬಹುಪಾಲು ಕಣ್ಮರೆಯಾಗುತ್ತಾಳೆ. ಆ ಬಿಡುವಿನಲ್ಲಿ ಅವಳಿಗೆ ಏನನ್ನಿಸಿತು? ವಾಪಸು ಬರುವುದೇ ಬೇಡ ಎನ್ನಿಸಿತೇ? ಅವನ ಪಶ್ಚಾತ್ತಾಪಕ್ಕೆ ಕೊಟ್ಟ ಸಮಯದಲ್ಲಿ ಅರ್ಧವಾದರೂ ಅವಳಿಗೆ ಸಲ್ಲಬೇಕಿತ್ತು.

ಈ ಚಿತ್ರ ಫ್ರಾನ್ಸಿನಲ್ಲಿ ಗೆದ್ದ ಮೇಲೆಯೇ ಡ್ರೈಯರ್‌ಗೆ ಅಲ್ಲಿಂದ ಕರೆ ಬಂದು, ಫ್ರಾನ್ಸಿನ ವೀರಕನ್ಯೆ ಜೋನ್ ಆಫ್ ಆರ್ಕ್ ಕುರಿತ 1928ರ ಚಿತ್ರ ಸಾಧ್ಯವಾಯಿತು. ಅದರಲ್ಲಿನ ಜೋನಳ ಮುಖವನ್ನು ಜಗತ್ತೆಲ್ಲ ಕೊಂಡಾಡುತ್ತದೆ. ನೀವು ಇಡಾಳ ಈ ಚಿತ್ರವನ್ನೂ ನೋಡಿ. ಏನೂ ನಡೆಯುತ್ತಿಲ್ಲ ಎಂದುಕೊಂಡು ಬೆಳಗಿನ ತಿಂಡಿಯ ದೃಶ್ಯವನ್ನು ಮಾತ್ರ ದಯವಿಟ್ಟು ಓಡಿಸಬೇಡಿ.