ಮದ್ದನ್ನೂ ಹಿಡಿದುಕೊಂಡೇ ಬರುವ ದೂರು

ಕೇಳುಗರಿಗೆ ನಮಸ್ಕಾರ.

ಬಿಸಿಲು ಏರಿ ಕೆರೆಯ ನೀರು ಇಳಿಯತೊಡಗಿತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಒಂದು ಮಾತು ಕೇಳುತ್ತದೆ: “ಪಂಪು ನೀರು ಹತ್ತಿಸುವುದಿಲ್ಲ, ಐದು ಎಚ್‌ಪಿಯದ್ದು ಹಾಕಬೇಕು.” ಇದರಲ್ಲಿ ಮೊದಲರ್ಧ ದೂರು, ಉಳಿದರ್ಧ ಮದ್ದು. ಎಂಜಿನಿಯರಿಂಗ್ ಮತ್ತು ಆಡಳಿತ ಸಲಹೆಗಾರನ ಕಸುಬು ಶುರುವಾಗುವುದೇ ಇವೆರಡನ್ನು ಬೇರ್ಪಡಿಸುವಲ್ಲಿ. ಇವತ್ತು ಪಂಪು, ನಾಳೆ ಅಡಿಕೆ ಹಾಳೆಯನ್ನು ಒತ್ತಿ ತಟ್ಟೆ ಮಾಡುವ ಹಾಳೆತಟ್ಟೆ ಘಟಕ, ನಾಡಿದ್ದು ಎಣ್ಣೆ ಮಿಲ್ಲು. ಯಂತ್ರ ಬದಲಾಗುತ್ತದೆ, ದೂರು ಬರುವ ಕ್ರಮ ಬದಲಾಗುವುದಿಲ್ಲ.

ಪಂಪಿನಿಂದಲೇ ಶುರು ಮಾಡೋಣ. ಬೇಕಾದ್ದು 20 ಲೀಟರಿನ ಒಂದು ಬಾಲ್ದಿ, ಗಡಿಯಾರ, ಅಳತೆ ಟೇಪು, ವೋಲ್ಟ್ ಮೀಟರು. ಗುಡ್ಡೆಯ ಮೇಲೆ ಪೈಪಿನ ಬಾಯಿಗೆ ಬಾಲ್ದಿ ಹಿಡಿದು, ತುಂಬುವ ಹೊತ್ತನ್ನು ಮೂರು ಸಲ ನೋಡಿ ಸರಾಸರಿ ತೆಗೆಯಿರಿ. 7 ಸೆಕೆಂಡಾದರೆ ಸೆಕೆಂಡಿಗೆ 3 ಲೀಟರಿನ ಹತ್ತಿರ. 14 ಆದರೆ ಅದರ ಅರ್ಧ. ನೀರು ಬಿಟ್ಟು ಬಿಟ್ಟು ನೊರೆಯಾಗಿ ಬಂದರೆ ಹೀರುವ ಪೈಪಿಗೆ ಎಲ್ಲೋ ಗಾಳಿ ಸೇರುತ್ತಿದೆ. ದಿನಾ ಬೆಳಗ್ಗೆ ಪಂಪಿಗೆ ನೀರು ತುಂಬಿಸಿಯೇ ಹೊರಡಿಸಬೇಕೆಂದಾದರೆ ಹೀರುವ ಪೈಪಿನ ಬುಡದಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್ ವಾಲ್ವ್ ಸೋರುತ್ತಿದೆ. ಹೆಚ್ಚಾಗಿ ಕಸ ಸಿಕ್ಕಿರುತ್ತದೆ, ಇಲ್ಲವೇ ವಾಶರು ಸವೆದಿರುತ್ತದೆ. ಆಮೇಲೆ, ಪಂಪಿನಿಂದ ಕೆರೆಯ ನೀರಿನ ಮಟ್ಟಕ್ಕೆ ಎಷ್ಟು ಆಳ ಎಂದು ಟೇಪು ಇಳಿಸಿ ನೋಡಬೇಕು. ವಾಯುಭಾರದ ಲೆಕ್ಕದಲ್ಲಿ 10.3 ಮೀಟರು ಎಂದಿದ್ದರೂ ಮೇಲಿಟ್ಟ ಪಂಪು ಕೆಲಸದಲ್ಲಿ 6–7 ಮೀಟರಿಗಿಂತ ಕೆಳಗಿನ ನೀರನ್ನು ನೆಟ್ಟಗೆ ಹೀರುವುದಿಲ್ಲ. ಮಳೆಗಾಲದಲ್ಲಿ ಸರಿಯಿದ್ದ ಪಂಪು ಎಪ್ರಿಲಿನಲ್ಲಿ ಸೋಲುವುದು ಇದರಿಂದ. ಆಗ ಎಚ್‌ಪಿ ಏರಿಸಿ ಪ್ರಯೋಜನವಿಲ್ಲ, ಪಂಪನ್ನೇ ಎರಡು ಮೆಟ್ಟಿಲು ಕೆಳಗಿಳಿಸಬೇಕು.

ವೋಲ್ಟೇಜು ನೋಡುವಾಗ ಆಗುವ ತಪ್ಪು ಒಂದಿದೆ. ಮೋಟಾರು ನಿಂತಿರುವಾಗ ಮೀಟರು ಇಟ್ಟು “ಕರೆಂಟು ಸರಿ ಉಂಟು” ಎಂದುಬಿಡುತ್ತಾರೆ. ವಯರಿನಲ್ಲಿ ವೋಲ್ಟೇಜು ಇಳಿಯುವುದು ಕರೆಂಟು ಹರಿಯುವಾಗ. ಆದ್ದರಿಂದ ಮೋಟಾರು ಓಡುತ್ತಿರುವಾಗಲೇ ಮನೆಯ ಮೀಟರಿನ ಹತ್ತಿರ ಒಮ್ಮೆ, ಪಂಪಿನ ಸ್ಟಾರ್ಟರಿನಲ್ಲಿ ಒಮ್ಮೆ ಎಲೆಕ್ಟ್ರಿಶಿಯನ್ ಕೈಯಲ್ಲಿ ನೋಡಿಸಿ. ಮೂರು ಫೇಸಿನ ಲೈನಿನಲ್ಲಿ ಮನೆಯ ಹತ್ತಿರ 400 ವೋಲ್ಟ್, ಪಂಪಿನ ಹತ್ತಿರ 340 ಎಂದು ತೋರಿಸಿದರೆ ತಪ್ಪು ನಡುವಿನ ತೆಳು ವಯರಿನದ್ದು. ಮೋಟಾರಿನ ತಿರುಚು ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: ವೋಲ್ಟೇಜು ನೂರಕ್ಕೆ 80 ಆದರೆ ಬಲ 64. ಆ ವಯರಿಗೆ ಐದು ಎಚ್‌ಪಿ ಸಿಕ್ಕಿಸಿದರೆ ವೋಲ್ಟೇಜು ಇನ್ನೂ ಕುಸಿದು ಮೋಟಾರಿನೊಳಗಿನ ತಂತಿಸುರುಳಿ, ಅಂದರೆ ವೈಂಡಿಂಗ್ ಸುಡುತ್ತದೆ.

ಇನ್ನು ಪೈಪು. ಕೆರೆಯಿಂದ ಟ್ಯಾಂಕಿಗೆ 30 ಮೀಟರು ಎತ್ತರ, ಪೈಪಿನ ಉದ್ದ 200 ಮೀಟರು, ಬೇಕಾದ ನೀರು ಸೆಕೆಂಡಿಗೆ 3 ಲೀಟರು ಎಂದಿಟ್ಟುಕೊಳ್ಳಿ. ಒಳವ್ಯಾಸ 40 ಮಿಲಿಮೀಟರಿನ ಪೈಪಿನಲ್ಲಿ ಬರೀ ಘರ್ಷಣೆಗೇ ಸುಮಾರು 29 ಮೀಟರು ಹೋಗುತ್ತದೆ. ಅಂದರೆ ಕಣ್ಣಿಗೆ ಕಾಣದ ಇನ್ನೊಂದು ಗುಡ್ಡೆ. ಅದೇ ನೀರಿಗೆ 50 ಮಿಲಿಮೀಟರಿನ ಪೈಪಾದರೆ ಘರ್ಷಣೆ 10 ಮೀಟರಿನ ಒಳಗೆ, ಯಾಕೆಂದರೆ ಅದು ವ್ಯಾಸದ ಐದನೇ ಘಾತದ ಲೆಕ್ಕದಲ್ಲಿ ಇಳಿಯುತ್ತದೆ. ಪಂಪಿನ ದಕ್ಷತೆ ನೂರಕ್ಕೆ 50 ಎಂದು ಹಿಡಿದರೆ ಮೊದಲನೆಯದಕ್ಕೆ ಹತ್ತಿರ ಹತ್ತಿರ 5 ಎಚ್‌ಪಿ, ಎರಡನೆಯದಕ್ಕೆ 3ಕ್ಕಿಂತ ತುಸು ಹೆಚ್ಚು. ಪೈಪಿನ ದುಡ್ಡು ಒಮ್ಮೆ ಕೊಟ್ಟರೆ ಮುಗಿಯಿತು. ಆ ಹೆಚ್ಚಿನ ಎಚ್‌ಪಿಯ ಕರೆಂಟು ಬೇಸಗೆಯುದ್ದಕ್ಕೂ ಹೋಗುತ್ತಲೇ ಇರುತ್ತದೆ.

ತೊಂದರೆ ಕಾಣುವ ಜಾಗ ಒಂದು, ಸರಿ ಮಾಡುವ ಜಾಗ ಇನ್ನೊಂದು. 1908ರಲ್ಲಿ ಮೂಸಿ ಹೊಳೆ ಉಕ್ಕಿ ಹೈದರಾಬಾದು ಮುಳುಗಿದ ಮೇಲೆ ನಿಜಾಮರ ಸರಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಮುಳುಗಿದ್ದು ಪೇಟೆ, ಅವರು ಸೂಚಿಸಿದ ಮುಖ್ಯ ಮದ್ದು ಪೇಟೆಯಿಂದ ಮೇಲೆ, ಮೂಸಿ ಮತ್ತು ಈಸಿ ಹೊಳೆಗಳಿಗೆ ಜಲಾಶಯ. ಇಂದಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಅವೇ.

ಹಾಳೆತಟ್ಟೆ ಘಟಕದ ದೂರು ಬೇರೆ ಬಗೆಯದು: “ಕೆಲಸದವರು ನಿಧಾನ, ಇನ್ನೊಂದು ಮೆಶಿನು ಬೇಕು.” ಐದು ಅಚ್ಚಿನ ಒಂದು ಮೆಶಿನು, ಹಾಳೆ ಇಡಲು 20 ಸೆಕೆಂಡು, ಬಿಸಿ ಒತ್ತಿಗೆ 60, ತಟ್ಟೆ ತೆಗೆಯಲು 15, ಒಟ್ಟು 95 ಸೆಕೆಂಡು ಎನ್ನಿ. ಗಂಟೆಗೆ ಹತ್ತಿರ ಹತ್ತಿರ 38 ಸುತ್ತು, 190 ತಟ್ಟೆ, 8 ಗಂಟೆಗೆ 1500. ಗೋದಾಮಿಗೆ ಹೋಗುವುದು 900. ಹಾಗಾದರೆ ಉಳಿದ 600 ಎಲ್ಲಿ?

ಮೆಶಿನಿನ ಪಕ್ಕ ಒಂದು ಹಾಳೆ ಕಾಗದ ತೂಗಹಾಕಿ, ನಿಂತಾಗೆಲ್ಲ ಹೊತ್ತು ಮತ್ತು ಕಾರಣ ಬರೆಯಬೇಕು. ಹೆಸರು ಬರೆಯಕೂಡದು, ಬರೆದರೆ ಮರುದಿನದಿಂದ ಕಾರಣಗಳು ಸುಳ್ಳಾಗುತ್ತವೆ. ಮೊದಲ ದಿನದ ಲೆಕ್ಕವನ್ನು ಬದಿಗಿಡುವುದೇ ಒಳ್ಳೆಯದು. ಗಡಿಯಾರ ಹಿಡಿದವನೊಬ್ಬ ಹತ್ತಿರ ನಿಂತರೆ ಎಂಥವರ ಕೈಯೂ ಬಿರುಸಾಗುತ್ತದೆ. “ಅಕ್ಕ, ಈಗ ಯಾಕೆ ನಿಂತಿತು?” ಎಂದು ಮೆತ್ತಗೆ ಕೇಳಿದರೆ ಇರುವುದು ಬಾಯಿಗೆ ಬರುತ್ತದೆ: ನೆನೆಸಿದ ಹಾಳೆಯ ನೀರು ಬಸಿದಿಲ್ಲ, ಹಬೆ ಹೋಗಲು ಒತ್ತಿ ಬಿಟ್ಟು ಪುನಃ ಒತ್ತಬೇಕು, ಅಗಲದ ಹಾಳೆ, ಕಿರಿದಾದ ಹಾಳೆ ಒಂದೇ ರಾಶಿಯಲ್ಲಿರುವುದರಿಂದ ದೊಡ್ಡ ಅಚ್ಚಿಗೆ ಹುಡುಕಿ ತೆಗೆಯಬೇಕು, ಒಂದು ಅಚ್ಚಿನ ಹೀಟರು ಹೋಗಿ ಅದರ ತಟ್ಟೆ ಹಸಿಯಾಗಿಯೇ ಬರುತ್ತದೆ. ಆ ಹಸಿ ತಟ್ಟೆಯನ್ನು ಹಾಗೆಯೇ ಕಟ್ಟಿಟ್ಟರೆ ಬೂಸ್ಟು ಹಿಡಿದು ಕಟ್ಟಿಗೆ ಕಟ್ಟೇ ವಾಪಸು ಬರುತ್ತದೆ. ಇವು ಯಾವುದಕ್ಕೂ ಇನ್ನೊಂದು ಮೆಶಿನು ಮದ್ದಲ್ಲ. ಬಸಿಯಲು ಒಂದು ಓರೆ ಅಟ್ಟ, ಅಳತೆ ಪ್ರಕಾರ ಮೂರು ರಾಶಿ, ಒಂದು ಹೀಟರು ಸಾಕು.

ಮೆಶಿನು ತಂದೇ ತರುತ್ತೇವೆ ಎನ್ನುವವರಿಗೆ ಇನ್ನೊಂದು ಲೆಕ್ಕವಿದೆ. ದಿನಕ್ಕೆ 1500 ದೊಡ್ಡ ತಟ್ಟೆ, ವರ್ಷಕ್ಕೆ 200 ದಿನ, ತಟ್ಟೆಗೊಂದು ಹಾಳೆ ಎಂದರೆ 3 ಲಕ್ಷ ಹಾಳೆ. ಮರವೊಂದು ವರ್ಷಕ್ಕೆ ಆರು ಹಾಳೆ ಬೀಳಿಸಿದರೆ 50,000 ಮರ. ಎಕರೆಗೆ 550 ಮರದಂತೆ ಸುಮಾರು 90 ಎಕರೆ ತೋಟ. ಬಿದ್ದ ಹಾಳೆಯೆಲ್ಲ ಕೈಗೆ ಸಿಗುವುದಿಲ್ಲ, ಮಳೆಗೆ ನೆನೆದದ್ದು ಬಣ್ಣ ಕೆಟ್ಟು ಹೋಗುತ್ತದೆ. ಎರಡನೇ ಮೆಶಿನೆಂದರೆ ಇನ್ನೂ 90 ಎಕರೆಯ ಹಾಳೆ ಹೆಕ್ಕುವವರು, ತರುವ ಜೀಪು, ಮಳೆಗಾಲಕ್ಕೆ ಒಣಗಿಸಿಡುವ ಶೆಡ್ಡು.

ಎಣ್ಣೆ ಮಿಲ್ಲಿನ ಮಾತು ಚಿಕ್ಕದು. “ಎಕ್ಸ್‌ಪೆಲ್ಲರಿನಲ್ಲಿ (ಎಣ್ಣೆ ಹಿಂಡುವ ಯಂತ್ರದಲ್ಲಿ) ಎಣ್ಣೆ ಕಡಿಮೆ” ಎಂದಾಗ ಮೊದಲು ಕೊಬ್ಬರಿಯ ತೇವ ನೋಡಬೇಕು. ನೂರಕ್ಕೆ 6ರ ಬದಲು 10 ತೇವದ ಕೊಬ್ಬರಿ ಸಾವಿರ ಕಿಲೋ ಕೊಂಡರೆ, 6ಕ್ಕೆ ಒಣಗಿದಾಗ ಉಳಿಯುವುದು 957 ಕಿಲೋ. 43 ಕಿಲೋ ನೀರಿಗೂ ಕೊಬ್ಬರಿಯ ಕ್ರಯ! ಸಾಲದೆಂಬಂತೆ, ಹಸಿ ಕೊಬ್ಬರಿಯ ಹಿಂಡಿ ಮೆತ್ತಗಾಗಿ ಎಣ್ಣೆ ಅದರಲ್ಲೇ ಉಳಿಯುತ್ತದೆ.

ಕೊನೆಗೆ ಕೊಡುವ ವರದಿ ಎರಡು ಪುಟ ದಾಟಬಾರದು: ಅಳೆದದ್ದು ಏನು, ಖರ್ಚಿಲ್ಲದೆ ನಾಳೆಯೇ ಮಾಡಬಹುದಾದ್ದು ಏನು, ಖರ್ಚಿನದ್ದಾದರೆ ಎಷ್ಟು ತಿಂಗಳಲ್ಲಿ ಹುಟ್ಟುತ್ತದೆ. ಪಂಪು ಮಾರುವವರಿಂದ ಕಮಿಷನ್ ತೆಗೆದುಕೊಳ್ಳುವ ಸಲಹೆಗಾರನ ವರದಿಯಲ್ಲಿ ಫುಟ್ ವಾಲ್ವಿನ ವಾಶರು ಕಾಣಿಸಿಕೊಳ್ಳುವುದು ಕಷ್ಟ. ಫೀಸನ್ನು ದೂರು ಕೊಟ್ಟವರಿಂದಲೇ ಪಡೆಯುವವನನ್ನು ಹುಡುಕಿ. ತಿಂಗಳು ಕಳೆದ ಮೇಲೆ ಅವನು ಪುನಃ ಬರಬೇಕು, ಅದೇ ಬಾಲ್ದಿಯನ್ನು ಅದೇ ಪೈಪಿನ ಬಾಯಿಗೆ ಹಿಡಿದು ಸೆಕೆಂಡು ಎಣಿಸಬೇಕು.

ನಮಸ್ಕಾರ.