ಅಂಗಡಿ ಕಾಣದವರ ವ್ಯವಹಾರ ಅಧ್ಯಯನ

ನಮಸ್ಕಾರ, ವೀಕ್ಷಕರೇ. ಕಳೆದ ಭಾನುವಾರ, ದ್ವಿತೀಯ ಪಿಯುಸಿಯಲ್ಲಿ ವಾಣಿಜ್ಯ ಓದುತ್ತಿರುವ ನನ್ನ ಅಕ್ಕನ ಮಗಳು ಹೆನ್ರಿ ಫಯೋಲ್‌ನ 14 ನಿರ್ವಹಣಾ ತತ್ವಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ನಾನು ತಲೆದೂಗಿ, "ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಎದುರು ಮನೆಗೆ ಉದ್ರಿ ಕೊಡುತ್ತಾರೆ, ನಮಗೇಕೆ ಕೊಡುವುದಿಲ್ಲ?" ಎಂದು ಕೇಳಿದೆ. "ಮಾವ, ಅದು ಸಿಲಬಸ್ಸಿನಲ್ಲಿಲ್ಲ" ಎಂದಳು.

ಈ ಸಂಚಿಕೆ ಹುಟ್ಟಿದ್ದು ಆ ಉತ್ತರದಿಂದ. ನನ್ನ ಬೇಡಿಕೆ ಒಂದೇ: ವ್ಯವಹಾರ ಅಧ್ಯಯನವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಕನಿಷ್ಠ ಒಂದು ವಾರ ಯಾವುದಾದರೂ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಕುಳಿತಿರಬೇಕು.

ಅಲ್ಲಿ ಕಾಣುವುದೇನು? ಸಗಟು ವ್ಯಾಪಾರಿಯ ಹುಡುಗ ಮಂಗಳವಾರ ಬಂದು ಬೇಳೆಯ ಮೂಟೆ ಇಳಿಸಿ ಕೂಡಲೇ ಹಣ ಕೇಳುತ್ತಾನೆ. ಆ ಬೇಳೆಯನ್ನು ಕೊಂಡವರು ಸಂಬಳ ಬಂದ ಮೇಲೆ, ಅಂದರೆ ಮುಂದಿನ ತಿಂಗಳ ಮೊದಲ ವಾರದಲ್ಲಿ, ಲೆಕ್ಕ ಚುಕ್ತಾ ಮಾಡುತ್ತಾರೆ. ಈ ನಡುವಿನ ದಿನಗಳನ್ನು ಅಂಗಡಿಯವರು ಯಾವ ದುಡ್ಡಿನಲ್ಲಿ ದಾಟುತ್ತಾರೋ ಅದೇ ದುಡಿಯುವ ಬಂಡವಾಳ. ಪುಸ್ತಕದಲ್ಲಿ ಅದು ಒಂದು ವ್ಯಾಖ್ಯೆ. ಅಂಗಡಿಯಲ್ಲಿ ಅದು, ಉದ್ರಿ ಪುಸ್ತಕದ ಮೇಲೆ ಬೆರಳಿಟ್ಟು "ಇವರದು ಇನ್ನೂ ಬಂದಿಲ್ಲ" ಎಂದು ತಮ್ಮಷ್ಟಕ್ಕೇ ಗೊಣಗಿಕೊಳ್ಳುವ ಮುಖ. ಆ ಮುಖವನ್ನು ಕಂಡವರು ವ್ಯಾಖ್ಯೆಯನ್ನು ಬಾಯಿಪಾಠ ಮಾಡಬೇಕಿಲ್ಲ. ("ಇಂದು ನಗದು, ನಾಳೆ ಉದ್ರಿ" ಎಂಬ ಫಲಕವನ್ನೂ ಓದಿಕೊಳ್ಳಲಿ, ಸಾಲನೀತಿಯನ್ನು ಇಷ್ಟು ಚಿಕ್ಕದಾಗಿ ಹೇಳಿದ ಪಠ್ಯವನ್ನು ನಾನು ಕಂಡಿಲ್ಲ.)

ಫಯೋಲ್‌ನನ್ನೇ ನೋಡಿ. ಆತ ಫ್ರಾನ್ಸಿನ ಗಣಿ ಎಂಜಿನಿಯರ್. ದಶಕಗಳ ಕಾಲ ಗಣಿ ಕಂಪನಿಯೊಂದನ್ನು ನಡೆಸಿ, 1916ರಲ್ಲಿ ತನ್ನ ತತ್ವಗಳನ್ನು ಪ್ರಕಟಿಸಿದ. ನಿರ್ವಹಣೆಯ ಪಾಠದಲ್ಲಿ ಬರುವ ಇನ್ನೊಬ್ಬ ಚಿಂತಕ, ಅಮೆರಿಕದ ಟೇಲರ್, ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಗಾರನಾಗಿದ್ದವನು. ಇಬ್ಬರೂ ಮೊದಲು ಕೆಲಸದ ಜಾಗವನ್ನು ಕಂಡು ಆಮೇಲೆ ಬರೆದರು. ನಮ್ಮ ಮಕ್ಕಳು ಬರೆದದ್ದನ್ನು ಉರು ಹೊಡೆದು, ಜಾಗವನ್ನು ಕಾಣದೆಯೇ ಪಾಸಾಗುತ್ತಾರೆ. ಅಷ್ಟು ದೂರವೇಕೆ, 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಿತು. ಜನರ ಕೈಯಲ್ಲಿ ದುಡ್ಡು ಹೇಗೆ ಓಡಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡದವರಿಗೆ ಈ ಯೋಚನೆ ಹೊಳೆಯುತ್ತಿರಲಿಲ್ಲ. ಆದ್ದರಿಂದ ಒಂದು ವಾರ ಸಾಲದು, ಒಂದು ತಿಂಗಳು ಕೂರಿಸಿ.

"ಸಾರ್, 80 ಅಂಕದ ಪರೀಕ್ಷೆಯಿದೆ, ಸಮಯವೆಲ್ಲಿ?" ಎಂದು ಒಬ್ಬರು ಬರೆದಿದ್ದಾರೆ. ಉಳಿದ 20 ಆಂತರಿಕ ಅಂಕಗಳಿವೆಯಲ್ಲ ಸ್ವಾಮಿ! ಅದಕ್ಕಾಗಿ ಜೆರಾಕ್ಸ್ ಅಂಗಡಿಯಲ್ಲಿ ತಯಾರಾದ ಪ್ರಾಜೆಕ್ಟನ್ನು ಕೊಂಡು, ಹೆಸರು ಬದಲಿಸಿ, ಬಣ್ಣದ ರಟ್ಟು ಹಾಕಿಸುವುದಕ್ಕೆ ಸಮಯ ಸಿಗುತ್ತದೆ. ಹಾಗೆ ನೋಡಿದರೆ ಅಲ್ಲಿ ನಿಜವಾದ ವ್ಯವಹಾರ ನಡೆಸುತ್ತಿರುವವನು ಜೆರಾಕ್ಸಿನವನೇ. ಆ 20 ಅಂಕ ಅವನಿಗೇ ಸಲ್ಲಬೇಕು.

"ನಮ್ಮ ಮಗಳು ಅಂಗಡಿಯಲ್ಲಿ ಕೂರುವುದೇ?" ಎಂದು ಇನ್ನೊಬ್ಬರು ಕೇಳಿದ್ದಾರೆ. ಸಿಎ ಆದ ಮೇಲೆ ಅವಳು ಅಂಗಡಿಯವರ ಲೆಕ್ಕವನ್ನೇ ನೋಡುವುದು, ದೇವಸ್ಥಾನದ ಗಂಟೆಯನ್ನಲ್ಲ. ಇಂಥ ಪ್ರಶ್ನೆಗಳಿಗೆ ನಾನು ಇದಕ್ಕಿಂತ ಹೆಚ್ಚು ಉತ್ತರಿಸುವುದಿಲ್ಲ. ಚಾನೆಲ್ಲಿಗೆ ಚಂದಾದಾರರಾದವರಿಗೆ ಬೇಕಿದ್ದರೆ ನೋಡೋಣ.

ಒಂದು ತಿಂಗಳೂ ಸಾಲದು. ಪಾಠ ಹೇಳುವವರನ್ನೂ ಕೂರಿಸಿ, ಪ್ರಶ್ನೆಪತ್ರಿಕೆ ತೆಗೆಯುವವರನ್ನೂ ಕೂರಿಸಿ, ಸಂಜೆ ಏಳರ ಗಿರಾಕಿ ಗಲಾಟೆಯಲ್ಲಿ ಚಿಲ್ಲರೆ ಎಣಿಸಲು ಹಚ್ಚಿ. ಏಕೆ ಎಂದು ಕೇಳಬೇಡಿ, ಕೂರಿಸಿ. ಅಕ್ಕನ ಮಗಳು ನಾಳೆ ಬೆಳಿಗ್ಗೆ ಆರು ಗಂಟೆಗೆ, ಹಾಲಿನ ಪ್ಯಾಕೆಟ್ಟು ಇಳಿಯುವ ಹೊತ್ತಿಗೆ, ಅಲ್ಲಿಗೆ ಹೋಗುತ್ತಾಳೆ. ನಮಗೆ ಉದ್ರಿ ಏಕಿಲ್ಲ ಎಂಬುದನ್ನು ತಿಳಿದು ಬಂದರೆ ಮುಂದಿನ ವಾರ ಹೇಳುತ್ತೇನೆ, ಕಾರಣ ನಾನೇ ಆಗಿದ್ದರೆ ಹೇಳುವುದಿಲ್ಲ.